ಸಗುವಾರೊ ಕಳ್ಳಿ ನಿಜವಾಗಲೂ ಅಳಿವಿನಂಚಿನಲ್ಲಿದೆಯೇ?

ಇಲ್ಲ. ತೋಳೆತ್ತಿ ನಿಂತ ಮನುಷ್ಯನ ಹಾಗೆ ಕಾಣುವ ಈ ದೈತ್ಯ ಕಳ್ಳಿ, ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ 'ಸದ್ಯಕ್ಕೆ ಆತಂಕವಿಲ್ಲ' ಅನ್ನುವ ಗುಂಪಿನಲ್ಲಿದೆ. ಆದರೆ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಇದಕ್ಕೆ ಕಾನೂನಿನ ರಕ್ಷಣೆ ಇದೆ. ಅನುಮತಿ ಇಲ್ಲದೆ ಕೀಳುವುದು, ಸಾಗಿಸುವುದು ಅಪರಾಧ. ಜನ ಗೊಂದಲಕ್ಕೆ ಬೀಳುವುದು ಇಲ್ಲೇ: ರಕ್ಷಿತ ಅಂದರೆ ಅಪಾಯದಲ್ಲಿದೆ ಎಂದೇ ಅರ್ಥವಲ್ಲ.

ಹಾಗಂತ ಸುಮ್ನೆ ಬಿಡುವ ಹಾಗೂ ಇಲ್ಲ. ಈ ಗಿಡ ಅಮೆರಿಕ-ಮೆಕ್ಸಿಕೊ ಗಡಿಯ ಸೊನೋರಾ ಮರುಭೂಮಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಬೆಳವಣಿಗೆಯಂತೂ ತುಂಬಾ ನಿಧಾನ. ಮೊದಲ ಎಂಟು ವರ್ಷದಲ್ಲಿ ಒಂದೆರಡು ಇಂಚು ಎತ್ತರವಾದರೆ ಹೆಚ್ಚು! ತೋಳು ಮೂಡಲು 50 ರಿಂದ 75 ವರ್ಷ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಎಳೆ ಸಸಿಗಳು ಬೇರೆ ಮರದ ನೆರಳಲ್ಲಿ ಬದುಕುತ್ತವೆ. ಬರ ಬಂದರೆ ಮೊದಲು ಸಾಯುವುದು ಅವೇ. ಬಯಲಿನ ತುಂಬ ದೊಡ್ಡ ಕಳ್ಳಿಗಳು ನಿಂತಿದ್ದರೂ ಮುಂದಿನ ತಲೆಮಾರು ಕಾಣದೇ ಇರಬಹುದು, ಅಲ್ವಾ?

ನನ್ನ ಪ್ರಕಾರ ಈ ಗಿಡವನ್ನು ಕದಿಯುವವರಿಗಿಂತ ದೊಡ್ಡ ಶತ್ರು ಬಫೆಲ್ ಹುಲ್ಲು. ದನಗಳ ಮೇವಿಗೆಂದು ಹೊರಗಿನಿಂದ ತಂದದ್ದು. ಗಿಡಗಳ ನಡುವಿನ ಖಾಲಿ ನೆಲವನ್ನೆಲ್ಲ ತುಂಬಿ, ಒಣಗಿ, ಬೆಂಕಿ ಹರಡಲು ದಾರಿ ಮಾಡುತ್ತದೆ. ಹುಲ್ಲು ಮತ್ತೆ ಚಿಗುರುತ್ತದೆ, ಕಳ್ಳಿ ಸಾಯುತ್ತದೆ.

ಅಂದಹಾಗೆ, ಕಳ್ಳತನ ತಡೆಯಲು ಸಗುವಾರೊ ರಾಷ್ಟ್ರೀಯ ಉದ್ಯಾನದಲ್ಲಿ ಕೆಲವು ಕಳ್ಳಿಗಳಿಗೆ ಮೈಕ್ರೋಚಿಪ್ ಕೂಡ ಹಾಕಿದ್ದಾರೆ.