ಮರುಭೂಮಿಯ ಬೆಟ್ಟಕ್ಕೆ ಒಬ್ಬರೇ ಹೋಗುವಾಗ

ಪ್ರಶ್ನೆ: ಸೈಕಲ್‌ಗೆ ಟೆಂಟ್ ಕಟ್ಟಿಕೊಂಡು ಮರುಭೂಮಿಯ ಬೆಟ್ಟಸಾಲಿಗೆ ಮೂರು ದಿನ ಒಬ್ಬನೇ ಹೋಗಬೇಕೆಂದಿದ್ದೇನೆ. ದಾರಿಯಲ್ಲಿ ಊರಿಲ್ಲ, ನೀರಿಲ್ಲ, ಮೊಬೈಲ್ ಸಿಗ್ನಲ್ ಕೂಡ ಇಲ್ಲ. ತಪ್ಪಲಿನಲ್ಲಿ ಸೈಕಲ್ ಬಿಟ್ಟು ಶಿಖರ ಹತ್ತುವ ಆಸೆ. ಎಷ್ಟು ನೀರು ಬೇಕು? ಟೆಂಟ್ ಎಲ್ಲಿ ಹಾಕಲಿ?

ಉತ್ತರ: ಬೇಸಿಗೆಯಲ್ಲಾದರೆ ಹೋಗಲೇಬೇಡಿ. ಬಿಸಿಲಲ್ಲಿ ಏರು ತುಳಿಯುವಾಗ ಗಂಟೆಗೆ 1 ಲೀಟರ್ ಬೆವರು ಹೋಗಬಹುದು. ಒಣ ಗಾಳಿಗೆ ಅದು ಆಗಿಂದಾಗಲೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ, ಮೈ ಬತ್ತುತ್ತಿರುವುದು ಗೊತ್ತೇ ಆಗುವುದಿಲ್ಲ.

ಚಳಿಗಾಲದಲ್ಲೂ ಅಡುಗೆ ಸೇರಿ ದಿನಕ್ಕೆ 5 ಲೀಟರ್ ಇಟ್ಟುಕೊಳ್ಳಿ. ಮೂರು ದಿನಕ್ಕೆ 15 ಲೀಟರ್, ಅಂದರೆ 15 ಕಿಲೋ ಭಾರ. ಒಂದೇ ಕ್ಯಾನ್‌ನಲ್ಲಿ ತುಂಬಬೇಡಿ, ಅದು ಒಡೆದರೆ ಎಲ್ಲವೂ ಮರಳಿನ ಪಾಲು. ನಾಲ್ಕೈದು ಬಾಟಲಿಗಳಿಗೆ ಹಂಚಿ, ಆದಷ್ಟು ಕೆಳಗೆ ಕಟ್ಟಿ. ಹೊರಡುವ ಮೊದಲು ಅಷ್ಟೂ ಭಾರ ಹೇರಿ ಒಂದು ದಿನ ತುಳಿದು ನೋಡಿ.

ಶಿಖರಕ್ಕೆ ಒಯ್ದ ನೀರಿನಲ್ಲಿ ಮೂರನೇ ಒಂದು ಪಾಲು ಮುಗಿದ ಕೂಡಲೇ ಹಿಂದಿರುಗಿ, ತುದಿ ಕಣ್ಣೆದುರೇ ಕಂಡರೂ ಸರಿ. ತಿಳಿ ಗಾಳಿಯಲ್ಲಿ ದೂರದ್ದು ಹತ್ತಿರ ಕಾಣುತ್ತದೆ. ಬಹಳ ಜನ ಮೋಸಹೋಗುವುದು ಇಲ್ಲೇ. ಹಾಗೆಂದು ಬಾಯಾರಿದಾಗ ನೀರು ಉಳಿಸುತ್ತಾ ಕೂರಬೇಡಿ, ಕುಡಿಯಿರಿ. ಜೊತೆಗೆ ಉಪ್ಪಿನಂಶದ ತಿನಿಸೂ ಇರಲಿ, ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ.

ಒಣಗಿದ ಹಳ್ಳದ ಮರಳು ಮೆತ್ತಗಿರುತ್ತದೆ, ಮಲಗಲು ಆಸೆಯಾಗುತ್ತದೆ. ಅಲ್ಲಿ ಟೆಂಟ್ ಹಾಕಬೇಡಿ. ಅಕ್ಕಪಕ್ಕದ ಪೊದೆಗಳನ್ನು ನೋಡಿ: ಎದೆಮಟ್ಟದಲ್ಲಿ ಒಣ ಹುಲ್ಲು, ಕಡ್ಡಿ ಸಿಕ್ಕಿಕೊಂಡಿದ್ದರೆ ಹಿಂದೊಮ್ಮೆ ನೀರು ಅಷ್ಟೆತ್ತರಕ್ಕೆ ಹರಿದಿದೆ. ಎಲ್ಲೋ ದೂರದ ಬೆಟ್ಟದಲ್ಲಿ ಸುರಿದ ಮಳೆ, ನಿಮ್ಮ ತಲೆಯ ಮೇಲೆ ನಕ್ಷತ್ರ ಹೊಳೆಯುತ್ತಿರುವಾಗಲೇ ಬಂದು ಕೊಚ್ಚಿಕೊಂಡು ಹೋಗುತ್ತದೆ. ದಂಡೆಗಿಂತ ಮೇಲಿನ ಗಟ್ಟಿ ನೆಲ ಹುಡುಕಿ. ರಾತ್ರಿ ಚಳಿ ಜೋರು, ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್ ಬೇಕೇ ಬೇಕು.

ಪಂಕ್ಚರ್ ಆದರೆ ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ. ಮುರಿದ ಮುಳ್ಳಿನ ತುದಿ ಒಳಗೇ ಉಳಿದಿದ್ದರೆ ಬಟ್ಟೆಗೆ ಸಿಕ್ಕುತ್ತದೆ.

ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಉಪಕರಣವನ್ನು ಸೈಕಲ್ ಚೀಲದಲ್ಲಿಡದೆ ಮೈಮೇಲೇ ಇಟ್ಟುಕೊಳ್ಳಿ. ದಾರಿ ಮತ್ತು ಮರಳಿ ಬರುವ ಗಂಟೆಯನ್ನು ಮನೆಯವರಿಗೆ ಬರೆದುಕೊಡಿ, ಬರೆದ ದಾರಿ ಬಿಟ್ಟು ಕದಲಬೇಡಿ. ಸೈಕಲ್ ಕೆಟ್ಟು ಸಹಾಯ ಕೇಳಿದ ಮೇಲೆ ಅದರ ಪಕ್ಕದಲ್ಲೇ ನೆರಳು ಮಾಡಿಕೊಂಡು ಇರಿ. ಒಬ್ಬ ಮನುಷ್ಯನಿಗಿಂತ ಸೈಕಲ್ಲೂ ಹರಡಿದ ಟೆಂಟೂ ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತವೆ.