ಇಂಟರ್‌ಫೆರೋಗ್ರಾಮಿನಲ್ಲಿ ಜ್ವಾಲಾಮುಖಿಯ ಸುತ್ತ ಉಂಗುರ ಕಂಡರೆ ನೆಲ ಉಬ್ಬಿದೆ ಎಂದೇ?

ಇಟಲಿಯ ಎಟ್ನಾ ಜ್ವಾಲಾಮುಖಿಯ ಎರಡು ಸೆಂಟಿನೆಲ್-1 ರೇಡಾರ್ ಉಪಗ್ರಹ ಚಿತ್ರಗಳನ್ನು ಹೋಲಿಸಿ ಮಾಡಿದ ಇಂಟರ್‌ಫೆರೋಗ್ರಾಮಿನಲ್ಲಿ (ಉಪಗ್ರಹದಿಂದ ನೆಲದ ದೂರ ಬದಲಾದದ್ದನ್ನು ಬಣ್ಣದಲ್ಲಿ ತೋರುವ ನಕ್ಷೆ) ಬಣ್ಣಬಣ್ಣದ ಮೂರು ಉಂಗುರ ಬಂದಿವೆ, ಮ್ಯಾಗ್ಮಾ ಏರುತ್ತಿದೆಯೇ ಎಂದು ಕೇಳಿದ್ದೀರಿ. ನಾನಾದರೆ ಮೊದಲು ಗಾಳಿಯ ಮೇಲೆ ಅನುಮಾನಪಡುತ್ತೇನೆ.

ಸೆಂಟಿನೆಲ್-1ರ ತರಂಗಾಂತರ ಸುಮಾರು 5.6 ಸೆಂ.ಮೀ. ಅಲೆ ಹೋಗಿ ಬರುವುದರಿಂದ ಒಂದು ಉಂಗುರಕ್ಕೆ ಅದರ ಅರ್ಧ, 2.8 ಸೆಂ.ಮೀ. ಚಲನೆ. ಮೂರಕ್ಕೆ 8.4. ಅದೂ ನೆಟ್ಟಗೆ ಮೇಲಕ್ಕಲ್ಲ, ಉಪಗ್ರಹ ಓರೆಯಾಗಿ ನೋಡುವ ದಿಕ್ಕಿನಲ್ಲಿ.

ಎಟ್ನಾ 3,300 ಮೀಟರಿಗೂ ಎತ್ತರ. ಬುಡ ಮುಟ್ಟುವ ಅಲೆ ತುದಿ ಮುಟ್ಟುವ ಅಲೆಗಿಂತ ಹೆಚ್ಚು ತೇವದ ಗಾಳಿ ದಾಟಬೇಕು, ಅದರಿಂದ ತಡವಾಗುತ್ತದೆ. ಎರಡು ದಿನಗಳ ತೇವಾಂಶದಲ್ಲಿ ವ್ಯತ್ಯಾಸವಿದ್ದರೆ ಸಾಕು, ನೆಲ ಅಲುಗದೆಯೇ ಉಂಗುರ ಮೂಡುತ್ತವೆ. 1990ರ ದಶಕದಲ್ಲಿ ಇದೇ ಬೆಟ್ಟ ಕುಗ್ಗಿದೆ ಎಂದು ಓದಿಕೊಂಡ ಉಂಗುರಗಳಲ್ಲಿ ಒಂದು ಪಾಲು ಗಾಳಿಯದ್ದೆಂದು ಆಮೇಲೆ ಗೊತ್ತಾಯಿತು. ನಿಮ್ಮ ಉಂಗುರಗಳ ಮೇಲೆ ಎತ್ತರದ ಗೆರೆಗಳನ್ನು ಹಾಕಿ ನೋಡಿ. ಎರಡೂ ಒಂದರ ಮೇಲೊಂದು ಕೂತರೆ ಹುಷಾರು.

ಆಮೇಲೆ ಮೂರನೆಯ ದಿನಾಂಕ ತನ್ನಿ. ಜೂನ್ 1, 13, 25 ಎಂದಿಟ್ಟುಕೊಳ್ಳಿ. 1–13ರ ಜೋಡಿಯಲ್ಲಿ ಬಂದ ಉಂಗುರ 13–25ರಲ್ಲಿ ಬಣ್ಣದ ಕ್ರಮ ತಿರುಗಿ ಬಂದು, 1–25ರಲ್ಲಿ ಮಾಯವಾದರೆ ತಪ್ಪಿತಸ್ಥ 13ನೇ ತಾರೀಕಿನ ಹವೆ. ನೆಲ ನಿಜಕ್ಕೂ ಉಬ್ಬಿದ್ದರೆ 1–25ರಲ್ಲೂ ಉಳಿಯುತ್ತದೆ. ಇಆರ್‌ಎ5 ಹವಾಮಾನ ಮಾಹಿತಿಯಿಂದ ತಿದ್ದುಪಡಿ ಮಾಡಬಹುದು, ಆದರೆ ಚಿಕ್ಕ ಮೋಡಗಳ ಪ್ರಭಾವ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಈ ಪರೀಕ್ಷೆ ಬಿಡಬೇಡಿ.

ಇಷ್ಟು ದಾಟಿದರೆ ಉತ್ತರಕ್ಕೆ ಹೋಗುವ, ದಕ್ಷಿಣಕ್ಕೆ ಬರುವ ಎರಡೂ ಪಥಗಳನ್ನು ನೋಡಿ. ಉಬ್ಬುವಿಕೆ ಎರಡರಲ್ಲೂ ಉಪಗ್ರಹದತ್ತ ಬಂದಂತೆ ಕಾಣುತ್ತದೆ. ಎಟ್ನಾದ ಪೂರ್ವ ಇಳಿಜಾರು ಸಮುದ್ರದತ್ತ ಜಾರುತ್ತಿದೆ. ಆ ಚಲನೆ ಒಂದು ಪಥದಲ್ಲಿ ಹತ್ತಿರ, ಇನ್ನೊಂದರಲ್ಲಿ ದೂರ. ಉತ್ತರ-ದಕ್ಷಿಣದ ಚಲನೆಗೆ ಎರಡೂ ಪಥ ಹೆಚ್ಚುಕಡಿಮೆ ಕುರುಡು, ಅದಕ್ಕೆ ಜಿಎನ್‌ಎಸ್‌ಎಸ್ (ಜಿಪಿಎಸ್‌ನಂಥ) ಕೇಂದ್ರಗಳೇ ಬೇಕು.

ಅನ್‌ರ‍್ಯಾಪ್ ಮಾಡುವಾಗ (ಉಂಗುರಗಳನ್ನು ಕೂಡಿಸಿ ಒಟ್ಟು ಚಲನೆ ತೆಗೆಯುವ ಹಂತ) ಕೊಹೆರೆನ್ಸ್ (ಎರಡು ಚಿತ್ರಗಳ ಹೊಂದಿಕೆ, 0ಯಿಂದ 1ರವರೆಗೆ) 0.3ಕ್ಕಿಂತ ಕಡಿಮೆಯಿರುವ ಜಾಗ ಮುಚ್ಚಿಬಿಡಿ. ಹಿಮ, ಕಾಡು, ತೋಟಗಳಲ್ಲಿ ಸರಿಯಾಗಿ 2.8 ಸೆಂ.ಮೀ. ಅಥವಾ ಅದರ ದುಪ್ಪಟ್ಟು ಜಿಗಿತ ಕಂಡರೆ ಅದು ಭೂಮಿಯದ್ದಲ್ಲ, ಸಾಫ್ಟ್‌ವೇರಿನದ್ದು.

ಉಬ್ಬು ಖಚಿತವಾದ ಮೇಲೆ ಆಳ ಅಂದಾಜಿಸಿ. ಮೂಲವನ್ನು ಆಳದಲ್ಲಿನ ಒಂದು ಬಿಂದುವೆಂದು ಎಣಿಸುವ ಮೋಗಿ ಮಾದರಿಯಲ್ಲಿ, ಉಬ್ಬಿನ ನಡುವಿನಿಂದ ಏರಿಕೆ ಅರ್ಧಕ್ಕಿಳಿಯುವ ದೂರ ಆಳದ 0.77 ಪಾಲು. ಆ ದೂರ 4 ಕಿ.ಮೀ. ಇದ್ದರೆ ಮೂಲ ಸುಮಾರು 5 ಕಿ.ಮೀ. ಕೆಳಗೆ. ಸ್ಫೋಟದ ಮಾತು ಇದರಿಂದ ಎಳೆಯಬೇಡಿ. ಇಟಲಿಯ ಇನ್ನೊಂದು ಜ್ವಾಲಾಮುಖಿ ಕಾಂಪಿ ಫ್ಲೆಗ್ರೇಯಿ 1982–84ರಲ್ಲಿ 1.8 ಮೀಟರ್ ಏರಿತು, ಸ್ಫೋಟಿಸಲಿಲ್ಲ.

ಕಾಡು ಮುಚ್ಚಿದ ಜ್ವಾಲಾಮುಖಿಗೆ ಎಲ್-ಬ್ಯಾಂಡ್ (ಇನ್ನೂ ಉದ್ದದ ತರಂಗಾಂತರದ ರೇಡಾರ್) ಮೇಲು. ಬೆಂಗಳೂರಿನಲ್ಲಿ ಜೋಡಣೆಯಾಗಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಭಾರತ-ಅಮೆರಿಕ ಉಪಗ್ರಹ ನಿಸಾರ್‌ನಲ್ಲಿ ಅದಿದೆ. ಆದರೆ ಅಲ್ಲಿ ಒಂದು ಉಂಗುರಕ್ಕೆ ಸುಮಾರು 12 ಸೆಂ.ಮೀ., ನಿಮ್ಮ ಮೂರು ಉಂಗುರ ಒಂದೂ ಆಗದು.