ದುಬೈಗೆ ಹೋಗಿ, ಆದರೆ ಜೂನ್‌ನಲ್ಲಿ ಬೇಡ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಕಲಬುರಗಿ. ನಮ್ಮ ಮನೆಯವರು ದುಬೈಗೆ ಹೋಗಿ ಎಂಟು ತಿಂಗಳಾಯಿತು. ಎಸಿ ರಿಪೇರಿ ಮಾಡುವ ಕಂಪನಿಯಲ್ಲಿ ಸೂಪರ್‌ವೈಸರ್. ಜೂನ್ ಮೊದಲ ವಾರ ನಮ್ಮನ್ನೂ ಕರೆಸಿಕೊಳ್ಳುತ್ತೇನೆ ಅಂತಿದ್ದಾರೆ. ಮಗಳು ಈಗಷ್ಟೇ ಮೂರನೇ ಕ್ಲಾಸ್ ಪರೀಕ್ಷೆ ಬರೆದಳು, ಮಗನಿಗೆ ಮೂರು ವರ್ಷ. ನಾನು ಬಿ.ಇಡಿ ಮಾಡಿದ್ದೇನೆ, ಇಲ್ಲೇ ಒಂದು ಶಾಲೆಯಲ್ಲಿ ಟೀಚರ್. ಇಂಗ್ಲಿಷ್ ಓದುತ್ತೇನೆ, ಮಾತಾಡಲು ಧೈರ್ಯವಿಲ್ಲ. ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಇಲ್ಲಿ ಅತ್ತೆ ಒಬ್ಬರೇ ಉಳಿಯುತ್ತಾರೆ, ಅವರಿಗೆ ಶುಗರ್, ಮೊಣಕಾಲು ನೋವು. ಹೋಗಲೋ ಬೇಡವೋ ತಿಳಿಯುತ್ತಿಲ್ಲ.
— ಓದುಗರೊಬ್ಬರು, ಕಲಬುರಗಿ

ಉತ್ತರ: ತಂಗಿ, ಹೋಗಿ. ಗಂಡ ಅಲ್ಲಿ, ಮಕ್ಕಳು ಇಲ್ಲಿ ಅಂತ ವರ್ಷಗಟ್ಟಲೆ ಕಳೆಯುವುದು ಯಾರಿಗೂ ಒಳ್ಳೆಯದಲ್ಲ. ಆದರೆ ಜೂನ್‌ನಲ್ಲಿ ಮಾತ್ರ ಹೋಗಬೇಡಿ.

ಕಲಬುರಗಿ ಬಿಸಿಲು ಕಂಡವರಿಗೆ ದುಬೈ ಬಿಸಿಲು ಏನು ಮಹಾ ಅಂತ ನಿಮ್ಮ ಮನೆಯವರು ಹೇಳಬಹುದು. ನಮ್ಮದು ಒಣ ಬಿಸಿಲು. ಬೇವಿನ ಮರದ ಕೆಳಗೆ ಕೂತರೆ ಜೀವ ಬರುತ್ತದೆ, ರಾತ್ರಿ ಮಾಳಿಗೆ ಮೇಲೆ ಮಲಗಿದರೆ ನಿದ್ದೆ ಬರುತ್ತದೆ. ಅಲ್ಲಿ ಪಕ್ಕದಲ್ಲೇ ಸಮುದ್ರ. ರಾತ್ರಿ ಹತ್ತಕ್ಕೆ ಹೊರಗೆ ಕಾಲಿಟ್ಟರೂ ಬೆವರು ಮೈಗೆ ಅಂಟಿಕೊಂಡೇ ಇರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕೂಲಿಕಾರರಿಂದ ಕೆಲಸ ಮಾಡಿಸಬಾರದು ಅಂತ ಅಲ್ಲಿ ಕಾನೂನೇ ಇದೆ ಅಂದರೆ ನೀವೇ ಲೆಕ್ಕ ಹಾಕಿ.

ಬಿಸಿಲನ್ನಾದರೂ ಸಹಿಸಬಹುದು. ಜುಲೈ, ಆಗಸ್ಟ್‌ನಲ್ಲಿ ಶಾಲೆಗಳಿಗೆ ರಜೆ, ನಮ್ಮ ಕಡೆಯ ಕುಟುಂಬಗಳೆಲ್ಲ ಊರಿಗೆ ಹೊರಟುಬಿಡುತ್ತವೆ. ಬಿಲ್ಡಿಂಗೇ ಖಾಲಿ ಅನಿಸುತ್ತದೆ. ನಿಮ್ಮವರದು ಎಸಿ ಕೆಲಸ, ಅವರಿಗೆ ಉಸಿರಾಡಲೂ ಬಿಡುವಿಲ್ಲದ ಸೀಸನ್ ಅದೇ. ಬೆಳಿಗ್ಗೆ ಹೋದವರು ರಾತ್ರಿ ಬರುತ್ತಾರೆ. ಗುರುತಿಲ್ಲದ ಊರಲ್ಲಿ, ಮುಚ್ಚಿದ ಕಿಟಕಿಯ ಒಳಗೆ, ಎರಡು ಮಕ್ಕಳ ಜೊತೆ ನೀವೊಬ್ಬರೇ. ನಾನು ಬೀದರ್‌ನಿಂದ ಹೋಗಿ ಇಳಿದದ್ದು ಜುಲೈನಲ್ಲಿ. ಒಂದೂವರೆ ತಿಂಗಳು ಮಗುವನ್ನು ಎತ್ತಿಕೊಂಡು ಲಿಫ್ಟ್‌ನಲ್ಲಿ ಕೆಳಗೆ ಹೋಗಿ ಮೇಲೆ ಬರುವುದೇ ನನ್ನ ತಿರುಗಾಟವಾಗಿತ್ತು. ವಾಪಸ್ ಕಳಿಸಿ ಅಂತ ದಿನಾ ಅತ್ತಿದ್ದೇನೆ. ಆ ಊರು ಕೆಟ್ಟದ್ದಾಗಿರಲಿಲ್ಲ, ನಾನು ಹೋದ ತಿಂಗಳು ಕೆಟ್ಟದ್ದಾಗಿತ್ತು. ನೀವು ಆಗಸ್ಟ್ ಕೊನೆ ವಾರಕ್ಕೆ ಟಿಕೆಟ್ ಮಾಡಿಸಿ. ಆಗ ಶಾಲೆ ತೆರೆಯುತ್ತದೆ, ಜನ ಮರಳಿ ಬರುತ್ತಾರೆ. ಅಕ್ಟೋಬರ್ ಬಂತೆಂದರೆ ಸಂಜೆ ಪಾರ್ಕಿನಲ್ಲಿ ಕೂರುವಂತಾಗುತ್ತದೆ.

ಮಗಳ ವರ್ಷ ಹಾಳಾಗುತ್ತದಾ ಅಂತ ಹೆದರಬೇಡಿ. ಅಲ್ಲಿನ ಇಂಡಿಯನ್ ಶಾಲೆಗಳು ಹೆಚ್ಚಾಗಿ ಏಪ್ರಿಲ್‌ನಲ್ಲೇ ಶುರುವಾಗಿರುತ್ತವೆ. ನೀವು ಜೂನ್‌ನಲ್ಲಿ ಹೋದರೂ ಅವಳು ಕೂರುವುದು ರಜೆ ಮುಗಿದ ಮೇಲೆಯೇ. ಅಲ್ಲಿಯ ತನಕ ಕಲಬುರಗಿಯಲ್ಲೇ ನಾಲ್ಕನೇ ಕ್ಲಾಸಿಗೆ ಕಳಿಸಿ. ಆದರೆ ಸೀಟು ಹಿಡಿಯುವ ಕೆಲಸ ಮುಂದೂಡಬೇಡಿ, ನಿಮ್ಮ ಮನೆಯವರು ರಜೆಗೆ ಮೊದಲೇ ಶಾಲೆಗೆ ಹೋಗಿ ಮಾತಾಡಲಿ, ಪುಸ್ತಕದ ಪಟ್ಟಿ ತರಲಿ. ಬಿಟ್ಟುಹೋದ ಮೂರು ತಿಂಗಳ ಪಾಠ ಮನೆಯಲ್ಲೇ ಮಾಡಿಸಲು ನಿಮಗಿಂತ ಒಳ್ಳೆಯ ಟೀಚರ್ ಬೇಕಾ? ಅರೇಬಿಕ್ ಕಡ್ಡಾಯವಾಗಿ ಕಲಿಯಬೇಕಾಗುತ್ತದೆ, ಒಂಬತ್ತನೇ ಕ್ಲಾಸಿನ ತನಕ. ಕಷ್ಟ ಅನಿಸಿದರೂ ಆ ವಯಸ್ಸಿಗೆ ಬೇಗ ಹತ್ತುತ್ತದೆ. ಕನ್ನಡ ಶಾಲೆಯಲ್ಲಿ ಸಿಗುವುದು ಕಷ್ಟ, ಅದನ್ನು ಮನೆಯಲ್ಲಿ ನೀವೇ ಓದಿಸಿ ಬರೆಸಬೇಕು.

ಈಗ ಕಾಗದಪತ್ರ. ಇಲ್ಲೇ ನಮ್ಮ ಭಾಗದವರು ಹೆಚ್ಚು ಸಿಕ್ಕಿಹಾಕಿಕೊಳ್ಳುವುದು. ನಿಮ್ಮ ಮದುವೆ ರಿಜಿಸ್ಟರ್ ಆಗಿದೆಯಾ? ಲಗ್ನಪತ್ರಿಕೆ, ಫೋಟೋ ಆಲ್ಬಮ್ ನಡೆಯುವುದಿಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟೇ ಬೇಕು. ಅದಕ್ಕೆ ಮೊದಲು ರಾಜ್ಯದ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯದ್ದು. ಬರೀ ಅಪೊಸ್ಟಿಲ್ (ನಮ್ಮ ವಿದೇಶಾಂಗ ಸಚಿವಾಲಯ ಕೊಡುವ ಒಂದು ಬಗೆಯ ದೃಢೀಕರಣ) ಸಾಕು ಅನ್ನುವ ಏಜೆಂಟರ ಮಾತು ಕೇಳಬೇಡಿ. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಸೇರಿದೆಯಾ, ನಿಮ್ಮಿಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಮಗಳ ಟಿಸಿಗೂ ಇದೇ ಥರ ಮುದ್ರೆ ಬೇಕಾಗುತ್ತದೆ, ಅದನ್ನು ಯಾರ್ಯಾರಿಂದ ಮಾಡಿಸಬೇಕು ಅಂತ ಸೇರುವ ಶಾಲೆಯನ್ನೇ ಕೇಳಿ. ಜೊತೆಗೆ ನಿಮ್ಮ ಡಿಗ್ರಿ, ಬಿ.ಇಡಿ ಎರಡಕ್ಕೂ ಈಗಲೇ ಮಾಡಿಸಿಕೊಳ್ಳಿ. ಗಂಡನ ವೀಸಾ ಮೇಲೆ ಇದ್ದರೂ ವರ್ಕ್ ಪರ್ಮಿಟ್ ತೆಗೆದು ಕೆಲಸ ಮಾಡಬಹುದು. ಅಲ್ಲಿಗೆ ಹೋದ ಮೇಲೆ ಕಲಬುರಗಿ ಯೂನಿವರ್ಸಿಟಿಗೆ ಯಾರನ್ನು ಓಡಾಡಿಸುತ್ತೀರಿ?

ದುಡ್ಡಿನ ಮಾತು ಗಂಡನ ಹತ್ತಿರ ಬಿಚ್ಚಿ ಕೇಳಿ, ಸಂಕೋಚ ಬೇಡ. ಹೆಂಡತಿ ಮಕ್ಕಳನ್ನು ಕರೆಸಲು ಸಂಬಳ ತಿಂಗಳಿಗೆ ಕನಿಷ್ಠ 4,000 ದಿರ್ಹಮ್ ಇರಬೇಕು, ಕಂಪನಿ ಮನೆ ಕೊಟ್ಟರೆ 3,000. ಅದು ವೀಸಾಕ್ಕೆ ಸಾಕು, ಸಂಸಾರಕ್ಕೆ ಸಾಲುವುದಿಲ್ಲ. ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಮುಂಗಡ ಚೆಕ್ ಬರೆದು ಕೊಡಬೇಕು. ಶಾಲೆ ಫೀಸು ಬೇರೆ, ಬಸ್ ಫೀಸು ಬೇರೆ. ದುಬೈನಲ್ಲಿ ಕೆಲಸಗಾರನ ಆರೋಗ್ಯ ವಿಮೆ ಕಂಪನಿಯದ್ದು, ನಿಮ್ಮ ಮತ್ತು ಮಕ್ಕಳ ವಿಮೆ ನಿಮ್ಮವರೇ ಕಟ್ಟಬೇಕಾಗಬಹುದು. ಇದೆಲ್ಲ ಕೂಡಿಸಿ ಒಂದು ಹಾಳೆಯಲ್ಲಿ ಬರೆದು ಕಳಿಸಿ ಅಂತ ಕೇಳಿ.

ಮನೆ ಎಲ್ಲಿ ಅನ್ನುವುದರಲ್ಲಿ ನಿಮ್ಮ ಮಾತೂ ನಡೆಯಬೇಕು. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಆದರೆ ದುಬೈಗೆ ದಿನಾ ಓಡಾಡುವವರ ಅರ್ಧ ಜೀವ ಟ್ರಾಫಿಕ್‌ನಲ್ಲೇ ಹೋಗುತ್ತದೆ. ಕರಾಮಾ, ಬರ್ ದುಬೈ, ಅಲ್ ನಹ್ದಾ ಕಡೆ ನಮ್ಮ ದೇಶದ ಕುಟುಂಬಗಳು ಜಾಸ್ತಿ. ಒಂದು ರೂಮು ಚಿಕ್ಕದಾದರೂ ಪರವಾಗಿಲ್ಲ, ಕೆಳಗೆ ಇಳಿದರೆ ಮಾತಾಡುವ ಜನ ಇರಬೇಕು, ಮಗಳ ಶಾಲೆ ಬಸ್ ಅಲ್ಲೇ ನಿಲ್ಲಬೇಕು. ಆ ಬಸ್ ನಿಲ್ಲುವ ಜಾಗದಲ್ಲೇ ನಿಮಗೆ ಮೊದಲ ಗೆಳತಿ ಸಿಗುತ್ತಾಳೆ, ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಐದು ನಿಮಿಷ ಬೇಗ ಇಳಿಯಿರಿ, ಮಗು ಯಾವ ಕ್ಲಾಸು ಅಂತ ನೀವೇ ಮೊದಲು ಕೇಳಿ.

ಇನ್ನು ಭಾಷೆ. ಇಂಗ್ಲಿಷ್ ಮಾತಾಡಲು ಧೈರ್ಯವಿಲ್ಲ ಅಂತ ಬರೆದಿದ್ದೀರಿ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಬಟ್ಟೆ ಕೊಳ್ಳುವಾಗ ಯಾವ ಮಾತಿನಲ್ಲಿ ಚೌಕಾಸಿ ಮಾಡುತ್ತೀರಿ? ಅರ್ಧ ಕನ್ನಡ, ಅರ್ಧ ನಮ್ಮ ದಖನಿ ಹಿಂದಿ, ಅಲ್ವಾ? ಟ್ಯಾಕ್ಸಿ ಓಡಿಸುವ ಪಾಕಿಸ್ತಾನಿಗೂ, ಕೆಳಗಿನ ಬಕಾಲಾ ಅಂದರೆ ಕಿರಾಣಿ ಅಂಗಡಿಯ ಮಲಯಾಳಿಗೂ, ಲಿಫ್ಟ್‌ನಲ್ಲಿ ಸಿಗುವ ಹೈದರಾಬಾದಿನ ಅಕ್ಕನಿಗೂ ಅದು ಅರ್ಥವಾಗುತ್ತದೆ. ಮೈಸೂರು, ಮಂಡ್ಯದಿಂದ ಬಂದ ಎಷ್ಟೋ ಹೆಣ್ಣುಮಕ್ಕಳಿಗಿಂತ ನೀವು ಈ ವಿಷಯದಲ್ಲಿ ಮುಂದಿದ್ದೀರಿ. ಶಾಲೆಯ ಮೀಟಿಂಗಿಗೆ ಬೇಕಾಗುವ ಇಂಗ್ಲಿಷ್ ಆರು ತಿಂಗಳಲ್ಲಿ ತಾನೇ ಬರುತ್ತದೆ. ಕನ್ನಡದವರ ಸಂಘಗಳಿವೆ, ನವೆಂಬರ್‌ನಲ್ಲಿ ರಾಜ್ಯೋತ್ಸವ ಮಾಡುತ್ತಾರೆ, ಮಕ್ಕಳಿಗೆ ಕನ್ನಡ ಕಲಿಸುವ ತರಗತಿಗಳೂ ನಡೆಯುತ್ತವೆ. ಅಲ್ಲಿಗೆ ಮಗಳನ್ನು ಬಿಟ್ಟು ಬರಬೇಡಿ, ನಾನೂ ಕಲಿಸುತ್ತೇನೆ ಅಂತ ಹೇಳಿ. ಟೀಚರ್ ಆದವರಿಗೆ ಪಾಠ ಮಾಡದೆ ಕೂರುವುದು ಎಷ್ಟು ಹಿಂಸೆ ಅಂತ ನನಗೆ ಗೊತ್ತು.

ಗಂಟು ಕಟ್ಟುವಾಗ ಒಂದು ಎಚ್ಚರ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಬೇಕಾದಷ್ಟು ಒಯ್ಯಿರಿ. ಗಸಗಸೆ ಒಂದು ಕಾಳೂ ಬೇಡ, ಅಲ್ಲಿ ಅದು ನಿಷೇಧ, ಕಸ್ಟಮ್ಸ್‌ನಲ್ಲಿ ಸಿಕ್ಕರೆ ದೊಡ್ಡ ತೊಂದರೆ. ಮಸಾಲೆ ಪುಡಿ ಯಾರಾದರೂ ಮಾಡಿಕೊಟ್ಟರೆ ಗಸಗಸೆ ಹಾಕಿದ್ದಾರಾ ಅಂತ ಕೇಳಿಯೇ ಇಟ್ಟುಕೊಳ್ಳಿ. ಎಲೆ, ಪಾನ್ ಸಾಮಾನೂ ಬೇಡ. ಮಾತ್ರೆಗಳಿಗೆ ಡಾಕ್ಟರ್ ಚೀಟಿ ಇರಲಿ. ಮಗನ ತಾಯಿ ಕಾರ್ಡ್, ಲಸಿಕೆ ಚೀಟಿ ಕೈಚೀಲದಲ್ಲೇ ಇರಲಿ.

ಕೊನೆಗೆ ಅತ್ತೆ. ಪತ್ರದಲ್ಲಿ ಅವರ ಶುಗರ್ ಬರೆದಿದ್ದೀರಿ, ಮೊಣಕಾಲು ಬರೆದಿದ್ದೀರಿ, ಅವರು ಏನು ಅಂತಾರೆ ಅನ್ನುವುದನ್ನು ಬರೆದಿಲ್ಲ. ಕೇಳಿದ್ದೀರಾ? ಮೊದಲು ಅದನ್ನು ಕೇಳಿ. ಅವರನ್ನು ಅಲ್ಲೇ ಇಟ್ಟುಕೊಳ್ಳುವ ವೀಸಾಕ್ಕೆ ಸಂಬಳ ಇನ್ನೂ ಜಾಸ್ತಿ ಬೇಕು, ವಯಸ್ಸಾದವರ ವಿಮೆಯೂ ದುಬಾರಿ. ಆದರೆ 60 ದಿನದ ವಿಸಿಟ್ ವೀಸಾ ಮೇಲೆ ಚಳಿಗಾಲದಲ್ಲಿ ಕರೆಸಿಕೊಳ್ಳಬಹುದು. ಅದಕ್ಕೆ ಈಗಲೇ ಪಾಸ್‌ಪೋರ್ಟ್ ಮಾಡಿಸಿ, ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ನಮ್ಮ ಕಡೆ ಹಿರಿಯರದ್ದು ಒಂದೇ ಹೆಸರು ಇರುತ್ತದೆ, 2022ರ ನವೆಂಬರ್‌ನಿಂದ ಅಂಥವರಿಗೆ ವಿಸಿಟ್ ವೀಸಾದಲ್ಲಿ ತಕರಾರು ಬರುತ್ತಿದೆ. ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗಬೇಕು? ನೆಂಟರು ಇದ್ದಾರೆ ಬಿಡಿ ಅಂದರೆ ಆಗಲ್ಲ, ಒಬ್ಬರ ಹೆಸರು ಗಟ್ಟಿ ಮಾಡಿ, ಅವರ ಕೈಗೆ ಒಂದು ಬೀಗದ ಕೈ ಕೊಡಿ. ಹೈದರಾಬಾದಿನಿಂದ ದುಬೈಗೆ ವಿಮಾನ ನಾಲ್ಕು ತಾಸಿನೊಳಗೆ. ಕಲಬುರಗಿಯಿಂದ ಹೈದರಾಬಾದ್ ರಸ್ತೆ ಸೇರಿಸಿದರೂ, ಮಗ ಬೆಂಗಳೂರಿನಲ್ಲಿದ್ದು ರಾತ್ರಿಯಿಡೀ ರೈಲಿನಲ್ಲಿ ಬರುವುದಕ್ಕಿಂತ ಬಹಳ ಜಾಸ್ತಿ ಹೊತ್ತೇನೂ ಆಗುವುದಿಲ್ಲ. ಇದನ್ನು ಅವರಿಗೂ ಬಿಡಿಸಿ ಹೇಳಿ.

ಮತ್ತೆ ಫೋನು. ಯುಎಇಯಲ್ಲಿ ವಾಟ್ಸಾಪ್ ಮೆಸೇಜು, ಫೋಟೋ ಹೋಗುತ್ತವೆ, ಕಾಲ್ ಹೋಗುವುದಿಲ್ಲ. ಅಲ್ಲಿಯವರು ಬೊಟಿಮ್ ಅನ್ನುವ ಆ್ಯಪ್‌ನಲ್ಲಿ ಮಾತಾಡುತ್ತಾರೆ. ನಿಮ್ಮವರು ಈಗ ಅದರಲ್ಲೇ ಮಾಡುತ್ತಿರಬೇಕು, ಅತ್ತೆಯ ಫೋನಿನಲ್ಲಿ ಇರಲಿಕ್ಕಿಲ್ಲ. ಇವತ್ತೇ ಹಾಕಿಕೊಡಿ. ಅಲ್ಲಿಗೂ ಇಲ್ಲಿಗೂ ಒಂದೂವರೆ ತಾಸು ವ್ಯತ್ಯಾಸ, ಅಲ್ಲಿ ನಿಮ್ಮ ಸಂಜೆ ಆರು ಅಂದರೆ ಇಲ್ಲಿ ಅತ್ತೆಯ ಏಳೂವರೆ, ಊಟಕ್ಕೆ ಕೂರುವ ಮೊದಲಿನ ಹೊತ್ತು. ಹೊರಡುವ ಮೊದಲೇ, ಇಲ್ಲಿ ಮನೆಯಲ್ಲಿ, ಆ ಹೊತ್ತಿಗೆ ನೀವು ಅಡುಗೆಮನೆಯಲ್ಲಿ ನಿಂತು, ಅವರನ್ನು ಪಡಸಾಲೆಯಲ್ಲಿ ಕೂರಿಸಿ, ಮೊಮ್ಮಗನ ಮುಖ ತೋರಿಸಿ, ಅವರು ತಾವೇ ಬಟನ್ ಒತ್ತಿ ಮಾತಾಡುವ ತನಕ ದಿನಾ ಒಂದು ಸಲ ಮಾಡಿಸಿ.